ಮೊದಲು ಪೆನ್ಸಿಲ್ಲೋ, ನೀರೋ?

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ನಡೆಸುತ್ತಾರಲ್ಲ, ಒಂದು ಸಲ ಅಲ್ಲಿಗೆ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ಗಣಪತಿ, ಬುದ್ಧ, ಎತ್ತಿನ ಗಾಡಿ, ಹಂಪಿಯ ಕಲ್ಲಿನ ರಥ ಎಲ್ಲ ನೋಡಿಕೊಂಡು ಬಂದವರು ಫುಟ್‌ಪಾತ್ ಮೇಲೆ ಹರಡಿದ್ದ ಒಂದಷ್ಟು ಕಾಗದಗಳ ಮುಂದೆ ನಿಂತುಬಿಟ್ಟರು. ಅವರ ಕಾಲ ಬುಡದಲ್ಲಿದ್ದ ಕಾಗದದಲ್ಲಿ ನೀಲಿ ಬಣ್ಣದ ಒಂದು ಮಡು. ಅದರ ಮೇಲೋ ಕೆಳಗೋ ಓಡಾಡುವ ಐದಾರು ಪೆನ್ಸಿಲ್ ಗೆರೆ. ಮೂಲೆಯಲ್ಲಿ ದಾಸವಾಳದ ಬಣ್ಣದ ಒಂದು ಮಚ್ಚೆ. ಅಷ್ಟೇ.

"ಇದೇನಮ್ಮಾ ಇದು?" ಅಂತ ಚಿಕ್ಕಮ್ಮ ಕೇಳಿದರು.

ಚಿತ್ರ ಬರೆದ ಹುಡುಗಿ ನಕ್ಕಳು. "ಏನೂ ಅಲ್ಲ ಆಂಟಿ. ಆದ್ರೆ ಇದ್ರಲ್ಲಿ ಪೆನ್ಸಿಲ್ ಮೊದಲು ಬಂತೋ, ನೀರು ಮೊದಲು ಬಂತೋ ಹೇಳಿ ನೋಡೋಣ?"

ಚಿಕ್ಕಮ್ಮ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. ನಾನು ಹೋಗಿ ಕಬ್ಬಿನ ಹಾಲು ಕುಡಿದು ಬಂದರೂ ಅವರು ಬಗ್ಗಿಯೇ ಇದ್ದರು.

ಹೀಗೆ ಗುರುತು ಹಿಡಿಯುವಂಥ ರೂಪ ಯಾವುದೂ ಇಲ್ಲದ ಅಮೂರ್ತ ಚಿತ್ರಗಳ ಬಗ್ಗೆ ನಾನು ಏನೇನೋ ಓದಿದ್ದೆ. ಇಷ್ಟು ಉಪಯೋಗಕ್ಕೆ ಬರುವ ಪ್ರಶ್ನೆ ಎಲ್ಲೂ ಸಿಕ್ಕಿರಲಿಲ್ಲ. ನಾವು "ಇದೇನು?" ಅಂತ ಕೇಳುತ್ತೇವೆ, ಉತ್ತರ ಸಿಗದೆ ಮುಂದೆ ಹೋಗುತ್ತೇವೆ. ಆದರೆ ಬೆಳಿಗ್ಗೆ ಬಾಗಿಲ ಮುಂದಿನ ರಂಗೋಲಿ ನೋಡಿ ಯಾರೂ ಹಾಗೆ ಕೇಳುವುದಿಲ್ಲ ಅಲ್ವಾ? ರಂಗೋಲಿ ಹಾಕಿ ಅಭ್ಯಾಸ ಇರುವವರು ನೋಡುವುದೇ ಬೇರೆ. ಎಷ್ಟು ಚುಕ್ಕಿ, ಎಳೆ ಎಲ್ಲಿಂದ ಶುರುವಾಯಿತು, ಎಲ್ಲಿ ತಿರುಗಿತು, ಎಲ್ಲಿ ಕೈ ತಡೆಯಿತು. 15ರಿಂದ 8, ಮಧ್ಯ ಚುಕ್ಕಿ ಅಂದರೆ ಸಾಕು, ಅವರಿಗೆ ಇಡೀ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಜಲವರ್ಣ ಮತ್ತು ಪೆನ್ಸಿಲ್‌ನ ಅಮೂರ್ತ ಚಿತ್ರವನ್ನೂ ಹೀಗೆ ಓದಬಹುದು. ಏನು ಇದೆ ಅನ್ನುವುದಕ್ಕಿಂತ, ಏನಾದ ಮೇಲೆ ಏನಾಯಿತು ಅಂತ.

ಅದಕ್ಕೆ ಸಾಮಾನುಗಳ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ಕಾಗದದಿಂದ ಶುರು ಮಾಡೋಣ. ಜೆರಾಕ್ಸ್ ಕಾಗದ 70, 80 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುತ್ತದೆ. ಜಲವರ್ಣಕ್ಕೆ ಸಾಮಾನ್ಯವಾಗಿ ಕೊಳ್ಳುವುದು 300 ಜಿಎಸ್‌ಎಂ. ಒಳ್ಳೆಯದಾದರೆ ಪೂರ್ತಿ ಹತ್ತಿಯದು. ಬೆರಳಾಡಿಸಿದರೆ ತರಿತರಿ. ಇನ್ನೊಂದು ವಿಷಯ ಕಣ್ಣಿಗೆ ಕಾಣುವುದಿಲ್ಲ: ಬಟ್ಟೆಗೆ ಗಂಜಿ ಹಾಕಿದ ಹಾಗೆ ಈ ಕಾಗದಕ್ಕೂ ಜೆಲಾಟಿನ್ನೋ ಅಂಥದ್ದೇ ಬೇರೇನೋ ಹಾಕಿರುತ್ತಾರೆ. ಆ ಗಂಜಿ ಇಲ್ಲದಿದ್ದರೆ ಬಣ್ಣದ ನೀರು ಟಿಶ್ಯೂ ಪೇಪರಿಗೆ ಬಿದ್ದ ಸಾರಿನ ಹಾಗೆ ತಕ್ಷಣ ಒಳಗೆ ಇಂಗಿಬಿಡುತ್ತದೆ. ಗಂಜಿ ಇದ್ದರೆ ನೀರು ಮೇಲೆಯೇ ಸ್ವಲ್ಪ ಹೊತ್ತು ನಿಲ್ಲುತ್ತದೆ. ಚಿತ್ರ ನಡೆಯುವುದೆಲ್ಲ ಆ ಸ್ವಲ್ಪ ಹೊತ್ತಿನಲ್ಲಿ.

ಪೆನ್ಸಿಲ್ಲನ್ನು ನಾವು ಸೀಸದ ಕಡ್ಡಿ ಅಂದರೂ ಅದರಲ್ಲಿ ಸೀಸ ಇಲ್ಲ. ಇರುವುದು ಗ್ರಾಫೈಟ್, ಅಂದರೆ ಇಂಗಾಲ. ಇಂಗ್ಲೆಂಡಿನ ಬಾರೋಡೇಲ್ ಗಣಿಯಲ್ಲಿ ಅಪ್ಪಟ ಗ್ರಾಫೈಟ್ ಸಿಗುತ್ತಿತ್ತು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಬಂದು ಅದು ಸಿಗದೆ ಹೋದಾಗ, ನಿಕೊಲಾ ಜಾಕ್ ಕಾಂಟೆ ಎಂಬ ಫ್ರೆಂಚ್ ಗೃಹಸ್ಥರು 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಸುಟ್ಟು, ಕಡ್ಡಿ ಮಾಡಿದರು. ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಅದು ಎಚ್. ಮಣ್ಣು ಕಡಿಮೆಯಾದರೆ ಮೆದು, ಗೆರೆ ಕಪ್ಪು. ಅದು ಬಿ. ಶಾಲೆಯಲ್ಲಿ ನಮ್ಮ ಜೇಬಲ್ಲಿದ್ದ ಎಚ್‌ಬಿ ನಡುವಿನದು.

ಜಲವರ್ಣ ಅಂದರೆ ಬಣ್ಣದ ಪುಡಿ ಮತ್ತು ಗೋಂದು. ಜಾಲಿ ಜಾತಿಯ ಮರದ ಅಂಟು ಅದು. ಇವತ್ತಿಗೂ ಜಾಸ್ತಿ ಬರುವುದು ಸುಡಾನಿನಿಂದ. ನೀರು ಆರಿದ ಮೇಲೆ ಪುಡಿಯನ್ನು ಕಾಗದಕ್ಕೆ ಹಿಡಿದಿಡುವುದು ಈ ಗೋಂದು. ಜಲವರ್ಣ ಪಾರದರ್ಶಕ. ಬೆಳಕು ಬಣ್ಣ ದಾಟಿ, ಬಿಳಿ ಕಾಗದಕ್ಕೆ ಬಡಿದು, ಮತ್ತೆ ಬಣ್ಣ ದಾಟಿಕೊಂಡು ನಮ್ಮ ಕಣ್ಣಿಗೆ ಬರುತ್ತದೆ. ಹಾಗಾಗಿ ಇಲ್ಲಿ ಬಿಳಿ ಬಣ್ಣ ಎಂದರೆ ಕಾಗದವೇ. ಒಂದು ಸಲ ಕಪ್ಪಾಗಿಸಿದ ಜಾಗವನ್ನು ಮತ್ತೆ ಬೆಳ್ಳಗೆ ಮಾಡುವುದು ಹೆಚ್ಚುಕಮ್ಮಿ ಆಗದ ಮಾತು. ಎಣ್ಣೆಬಣ್ಣದವರಿಗೆ ಈ ಕಷ್ಟ ಇಲ್ಲ, ತಪ್ಪಾದರೆ ಮೇಲೆ ಬಳಿಯುತ್ತಾರೆ.

ಪೆನ್ಸಿಲ್ ಇದಕ್ಕೆ ಪೂರ್ತಿ ಉಲ್ಟಾ. ಬರೆಯಬಹುದು, ಅಳಿಸಬಹುದು, ಮತ್ತೆ ಬರೆಯಬಹುದು. ಮನಸ್ಸು ಬದಲಾಯಿಸಲು ಅವಕಾಶ ಕೊಡುವ ಒಂದು ವಸ್ತು, ಕೊಡದ ಇನ್ನೊಂದು ವಸ್ತು, ಎರಡೂ ಒಂದೇ ಕಾಗದದ ಮೇಲೆ. ಇಂಥ ಚಿತ್ರದ ಬಿಗಿ ಇರುವುದೇ ಇಲ್ಲಿ.

ಇದನ್ನು ಓದಿ ಒಪ್ಪುವುದಕ್ಕಿಂತ ಮಾಡಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಚಿತ್ರಸಂತೆಯಿಂದ ಬಂದ ರಾತ್ರಿ ನಾನು ಮಗಳ ಬಣ್ಣದ ಡಬ್ಬಿ ತೆಗೆದುಕೊಂಡು ಊಟದ ಮೇಜಿನ ಮೇಲೆ ಕೂತೆ. ಒಂದು ದಪ್ಪ ಕಾಗದ, ಒಂದು ಎಚ್‌ಬಿ ಪೆನ್ಸಿಲ್, ಒಂದು ರಬ್ಬರ್.

ಮೊದಲ ಗೆರೆ ಒಣ ಕಾಗದದ ಮೇಲೆ. ಅದರ ಮೇಲೆ ನೀಲಿ ನೀರು ಹಾಯಿಸಿದೆ, ಆರಲು ಬಿಟ್ಟೆ. ಆಮೇಲೆ ರಬ್ಬರ್ ತೆಗೆದುಕೊಂಡು ಉಜ್ಜಿದರೆ ಗೆರೆ ಹೋಗಲಿಲ್ಲ. ಇನ್ನೂ ಉಜ್ಜಿದೆ. ನೀಲಿ ಸ್ವಲ್ಪ ಎದ್ದುಬಂತು, ಗೆರೆ ಮಾತ್ರ ಅಲ್ಲೇ. ಗೋಂದು ಅದರ ಮೇಲೆ ಮುಚ್ಚಳದ ಹಾಗೆ ಕೂತುಬಿಟ್ಟಿತ್ತು. ನೀರು ಬೀಳುವ ತನಕ ಆ ಗೆರೆ ಒಂದು ಯೋಚನೆ. ನೀರು ಬಿದ್ದ ಮೇಲೆ ಖಾಯಂ.

ಎರಡನೆಯ ಗೆರೆ ಒದ್ದೆ ಕಾಗದದ ಮೇಲೆ. ನೀಲಿ ಬಳಿದು, ಇನ್ನೂ ಮಿರುಗುತ್ತಿರುವಾಗಲೇ ಪೆನ್ಸಿಲ್ ಒತ್ತಿ ಎಳೆದೆ. ಒದ್ದೆ ಕಾಗದ ಮೆತ್ತಗಿರುತ್ತದೆ, ಗೆರೆಯ ಜಾಗ ತಗ್ಗಾಯಿತು. ಗದ್ದೆಯ ಕಾಲುವೆಗೆ ನೀರು ಇಳಿದ ಹಾಗೆ ಸುತ್ತಲಿನ ನೀಲಿ ಆ ತಗ್ಗಿಗೆ ಇಳಿಯಿತು. ಆರಿದ ಮೇಲೆ ನೋಡಿದರೆ ಗೆರೆ ಬೂದು ಬಣ್ಣದ್ದಲ್ಲ, ಕಡುನೀಲಿ. ಪೆನ್ಸಿಲ್ ಎಳೆದದ್ದನ್ನು ನೀರು ಬರೆದಿತ್ತು.

ಮೂರನೆಯದು ಪೂರ್ತಿ ಆರಿದ ಬಣ್ಣದ ಮೇಲೆ. ಇಲ್ಲಿ ಪೆನ್ಸಿಲ್ ಕಾಗದದ ತರಿಗಳ ತಲೆ ಮಾತ್ರ ಮುಟ್ಟುತ್ತಾ ಹೋಯಿತು. ಗೆರೆ ಅಲ್ಲಲ್ಲಿ ತುಂಡು. ಕಾಗದವನ್ನು ದೀಪದ ಕಡೆ ಓರೆಯಾಗಿ ಹಿಡಿದರೆ ಈ ಗೆರೆ ಬೆಳ್ಳಿಯ ಎಳೆಯ ಹಾಗೆ ಹೊಳೆಯುತ್ತದೆ. ಮೊದಲನೆಯದು ಅಷ್ಟು ಹೊಳೆಯುವುದಿಲ್ಲ, ಗೋಂದು ಅದನ್ನು ಮಂಕು ಮಾಡಿದೆ.

ಬಣ್ಣದ ಅಡಿಯಲ್ಲಿ ಮಂಕಾಗಿ, ಬಣ್ಣದ ಒಳಗೆ ತಗ್ಗಾಗಿ, ಬಣ್ಣದ ಮೇಲೆ ಹೊಳೆದು: ಮುಂಚೆ, ನಡುವೆ, ಆಮೇಲೆ. ಗ್ಯಾಲರಿಯಲ್ಲಿ ಚಿತ್ರದ ನೇರ ಎದುರಿಗೆ ನಿಂತರೆ ಈ ವ್ಯತ್ಯಾಸ ಕಾಣುವುದು ಕಷ್ಟ. ಸ್ವಲ್ಪ ಪಕ್ಕಕ್ಕೆ ಸರಿದು, ತಲೆ ಓರೆ ಮಾಡಿ ನೋಡಬೇಕು. ಕಾವಲಿನವರು ಅನುಮಾನದಿಂದ ನೋಡುತ್ತಾರೆ, ಪರವಾಗಿಲ್ಲ.

ಇನ್ನು ನೀರಿನ ಕಥೆ. ಮೇಜಿನ ಮೇಲೆ ಚೆಲ್ಲಿದ ಫಿಲ್ಟರ್ ಕಾಫಿಯ ಹನಿ ಆರಿದಾಗ ನಡುವೆ ತೆಳ್ಳಗೆ, ಅಂಚಲ್ಲಿ ಕಪ್ಪು ಉಂಗುರ ಆಗುವುದನ್ನು ನೋಡಿರುತ್ತೀರಿ. ಯಾಕೆ ಹಾಗೆ ಅಂತ ಶಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳ ತಂಡ 1997ರಲ್ಲಿ ವಿವರಿಸಿತು. ಹನಿಯ ಅಂಚು ಮೇಜಿಗೆ ಕಚ್ಚಿಕೊಂಡಿರುತ್ತದೆ, ಒಳಕ್ಕೆ ಸರಿಯುವುದಿಲ್ಲ. ನೀರು ಅಂಚಲ್ಲೇ ಜಾಸ್ತಿ ಆರುತ್ತದೆ. ಆರಿದಷ್ಟನ್ನು ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹೋಗುವಾಗ ಪುಡಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಜಲವರ್ಣದ ಮಚ್ಚೆಗೆ ಸುತ್ತ ಕಡುಗೆರೆ ಬರುವುದೂ ಇದೇ ಕಾರಣಕ್ಕೆ. ಆ ಅಂಚು ಕಂಡರೆ ಅಲ್ಲಿ ನೀರು ನಿಂತು, ತಾನಾಗಿ ಆರಿದೆ ಅಂತ ಅರ್ಥ. ಅಂಚು ಮಸುಕಾಗಿ ಕರಗಿದ್ದರೆ ಕಾಗದ ಮೊದಲೇ ಒದ್ದೆ ಇತ್ತು.

ಅರ್ಧ ಆರಿದ ಬಣ್ಣಕ್ಕೆ ಇನ್ನೊಂದು ಹನಿ ನೀರು ಬಿದ್ದರೆ ಮಜಾ ಬೇರೆ. ಹೊಸ ನೀರು ಹಳೆಯ ಪುಡಿಯನ್ನು ಹೊರಗೆ ತಳ್ಳುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಹೂಕೋಸಿನ ಅಂಚಿನಂಥ ಗೆರೆ. ಇದನ್ನು ಬ್ಲೂಮ್ ಅನ್ನುತ್ತಾರೆ. ಆಕಾಶ ಬರೆಯುತ್ತಿರುವವನಿಗೆ ಇದು ದೊಡ್ಡ ಕಿರಿಕಿರಿ, ಮೋಡ ಇಲ್ಲದ ಕಡೆ ಹೂಕೋಸು. ಅಮೂರ್ತ ಚಿತ್ರದಲ್ಲಿ ಆಕಾಶವೇ ಇಲ್ಲವಲ್ಲ, ಹಾಗಾಗಿ ಅದು ತಪ್ಪೂ ಅಲ್ಲ. ಅಲ್ಲಿ ಒಂದು ಹನಿ ಬಿತ್ತು, ಇಂಥ ಹೊತ್ತಿಗೆ ಬಿತ್ತು ಅಂತ ಹೇಳುವ ಗುರುತು ಅಷ್ಟೇ. ನನಗಂತೂ ಜಲವರ್ಣ ಅಮೂರ್ತಕ್ಕೆ ಒಗ್ಗುವುದು ಇದರಿಂದಲೇ ಅನ್ನಿಸುತ್ತದೆ. ನೀರಿಗೆ ಮರ, ಮನೆ, ಮುಖ ಬರೆಯಲು ಇಷ್ಟ ಇರುವುದಿಲ್ಲ. ನಾವು ಒತ್ತಾಯ ಮಾಡುತ್ತೇವೆ.

ಚಿಕ್ಕಮ್ಮ ನೋಡುತ್ತಿದ್ದ ನೀಲಿ ಮಡುವಿನ ತಳದಲ್ಲಿ ಸಣ್ಣ ಸಣ್ಣ ಕಾಳು ಕಾಣುತ್ತಿದ್ದವು. "ಬಕೆಟ್ ತಳದಲ್ಲಿ ನೀಲಿ ಕೂತ ಹಾಗಿದೆ" ಅಂದರು. ಅವರ ಮಾತು ಹೋಲಿಕೆ ಮಾತ್ರ ಅಲ್ಲ. ಹಿಂದೆ ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ ಪುಡಿಯೂ ಚಿತ್ರಗಾರರ ಅಲ್ಟ್ರಾಮರೀನೂ ಒಂದೇ ವಸ್ತು. ಒಂದು ಕಾಲಕ್ಕೆ ಅದನ್ನು ಅಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಕಲ್ಲು ಅರೆದು ತೆಗೆಯಬೇಕಿತ್ತು. 1820ರ ದಶಕದ ಕೊನೆಗೆ ಯುರೋಪಿನಲ್ಲಿ ಕೃತಕವಾಗಿ ಮಾಡಲು ಕಲಿತರು, ಆಮೇಲೆ ಅದು ಬಟ್ಟೆ ಒಗೆಯುವ ಕಲ್ಲಿನ ತನಕ ಬಂತು. ಇದರ ಕಾಳು ನೀರಿನಲ್ಲಿ ತೇಲದೆ ಕಾಗದದ ಗುಳಿಗಳಲ್ಲಿ ಮಡ್ಡಿಯಾಗಿ ಕೂರುತ್ತದೆ.

ಇಂಥ ಚಿತ್ರಗಳು ಎಲ್ಲಿಂದ ಶುರುವಾದವು ಅಂತ ಹುಡುಕಿ ಹೊರಟರೂ ಅದೇ ಪ್ರಶ್ನೆ ಎದುರಾಗುತ್ತದೆ: ಯಾವುದು ಮೊದಲು?

ಪ್ಯಾರಿಸಿನ ಪಾಂಪಿಡೂ ಕೇಂದ್ರದ ಸಂಗ್ರಹದಲ್ಲಿ ಒಂದು ಕಾಗದ ಇದೆ. ಸುಮಾರು 50 ಸೆಂಟಿಮೀಟರ್ ಎತ್ತರ, 65 ಅಗಲ. ಪೆನ್ಸಿಲ್, ಕಪ್ಪು ಶಾಯಿ, ಜಲವರ್ಣ. ಕೆಂಪು, ನೀಲಿ, ಹಸಿರು ಮಚ್ಚೆಗಳು, ನಡುನಡುವೆ ಓಡುವ ತೆಳು ಗೆರೆಗಳು. ಏನೂ ಅಲ್ಲದ ಚಿತ್ರ. ಬರೆದವರು ವಾಸಿಲಿ ಕ್ಯಾಂಡಿನ್‌ಸ್ಕಿ. ಮಾಸ್ಕೋದಲ್ಲಿ ಕಾನೂನು ಓದಿ, ಪಾಠ ಹೇಳುವ ಕೆಲಸ ಕೈಯಲ್ಲಿದ್ದಾಗ ಅದನ್ನು ಬಿಟ್ಟು, ಮೂವತ್ತನೆಯ ವಯಸ್ಸಿಗೆ ಚಿತ್ರ ಕಲಿಯಲು ಮ್ಯೂನಿಕ್ಕಿಗೆ ಹೋದವರು. ಕಾಗದದ ಮೇಲೆ ಅವರದೇ ಸಹಿ, 1910 ಎಂಬ ಇಸವಿ. ಇದನ್ನು ಬಹಳ ಕಾಲ ಮೊದಲ ಅಮೂರ್ತ ಜಲವರ್ಣ ಎಂದೇ ಕರೆದರು.

ತೊಂದರೆ ಏನೆಂದರೆ, ಅದು 1913ರಲ್ಲಿ ಅವರು ಮಾಡಿದ 'ಕಾಂಪೊಸಿಷನ್ 7' ಎಂಬ ದೊಡ್ಡ ತೈಲಚಿತ್ರಕ್ಕೆ ಮಾಡಿಕೊಂಡ ಕರಡುಗಳ ಹಾಗೆಯೇ ಇದೆ. ಆ ದೊಡ್ಡ ಚಿತ್ರ 2 ಮೀಟರ್ ಎತ್ತರ, 3 ಮೀಟರ್ ಅಗಲ. ಅದಕ್ಕೆ ಮೂವತ್ತಕ್ಕೂ ಜಾಸ್ತಿ ಕರಡು ಮಾಡಿದರು, ಕೊನೆಗೆ ನವೆಂಬರಿನ ನಾಲ್ಕೇ ದಿನದಲ್ಲಿ ಬರೆದು ಮುಗಿಸಿದರು. ಹಾಗಾಗಿ ಈ ಪುಟ್ಟ ಕಾಗದವೂ 1913ರದ್ದೇ, ಇಸವಿಯನ್ನು ಆಮೇಲೆ ಬರೆದದ್ದು ಎನ್ನುವುದು ಅನೇಕ ಕಲಾ ಇತಿಹಾಸಕಾರರ ಅಭಿಪ್ರಾಯ. ಬಣ್ಣದ ಅಡಿಯ ಪೆನ್ಸಿಲ್ ಸುಳ್ಳು ಹೇಳುವುದಿಲ್ಲ, ಮೂಲೆಯಲ್ಲಿ ಬರೆದ ಇಸವಿ ಹೇಳಬಹುದು!

1910 ಅಂತಲೇ ಇಟ್ಟುಕೊಂಡರೂ ಅದು ಮೊದಲಲ್ಲ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲೇ ಅಮೂರ್ತ ಚಿತ್ರ ಬರೆಯತೊಡಗಿದ್ದರು. ತಾನು ಸತ್ತು 20 ವರ್ಷ ಕಳೆಯುವ ತನಕ ಅವನ್ನು ತೋರಿಸಬೇಡಿ ಅಂದಿದ್ದರು. ಇನ್ನೂ ಹಿಂದೆ ಹೋದರೆ ಲಂಡನ್ನಿನ ಜಾರ್ಜಿಯಾನಾ ಹೌಟನ್, 1871ರಲ್ಲೇ ಇಂಥ ಜಲವರ್ಣಗಳ ಪ್ರದರ್ಶನ ಇಟ್ಟಿದ್ದರು. ಆತ್ಮಗಳು ತನ್ನ ಕೈ ಹಿಡಿದು ಬರೆಸುತ್ತವೆ ಎಂದು ಆಕೆ ನಂಬಿದ್ದರು. ಈ ಮೊದಲಿಗರ ಓಟದಲ್ಲಿ ನನಗೆ ಅಷ್ಟೇನೂ ಆಸಕ್ತಿ ಇಲ್ಲ. ಆದರೆ ಇಬ್ಬರು ಹೆಂಗಸರು ಮುಂಚೆಯೇ ಬಂದು ಹೋಗಿದ್ದನ್ನು ಇಷ್ಟು ಕಾಲ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎನ್ನುವುದು ತಮಾಷೆಯ ವಿಷಯವಂತೂ ಅಲ್ಲ.

ನಮ್ಮಲ್ಲಿ ನೀರಿನ ಜೊತೆ ಬೇರೆ ಥರದ ಸಲಿಗೆ ಇತ್ತು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಇಡೀ ಚಿತ್ರವನ್ನೇ ನೀರಲ್ಲಿ ಅದ್ದಿ, ಆರಿಸಿ, ಮತ್ತೆ ಬಣ್ಣ ಹಾಕುವ ವಾಶ್ ಪದ್ಧತಿ ಬೆಳೆಯಿತು. 1903ರಲ್ಲಿ ಅಲ್ಲಿಗೆ ಬಂದ ಜಪಾನಿನ ಕಲಾವಿದರ ಪ್ರಭಾವ ಅದರಲ್ಲಿ ಇದೆ. ನಮ್ಮ ಕೆ. ವೆಂಕಟಪ್ಪ ಕಲಿತದ್ದು ಆ ಠಾಕೂರರ ಬಳಿ. ಅವರು ಅಮೂರ್ತ ಬರೆದವರಲ್ಲ. ಆದರೂ ಅವರ ಊಟಿ, ಕೊಡೈಕೆನಾಲಿನ ಚಿತ್ರಗಳಲ್ಲಿ ಬೆಟ್ಟವನ್ನು ಕೈಯಿಂದ ಮರೆಮಾಡಿ ಬರೀ ಆಕಾಶ ನೋಡಿ, ನೀರಿನ ಕೆಲಸ ಎದ್ದು ಕಾಣುತ್ತದೆ.

ನಾನು ಹೇಳಬೇಕು ಅಂದುಕೊಂಡಿದ್ದ ಇಬ್ಬರು ಬೇರೆ. ಒಬ್ಬರು ಆಗ್ನೆಸ್ ಮಾರ್ಟಿನ್. 1912ರಲ್ಲಿ ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬದುಕಿದವರು. 1960ರ ದಶಕದಲ್ಲಿ ಆರಡಿ ಚೌಕದ ಕ್ಯಾನ್ವಾಸ್ ಮೇಲೆ ತೆಳ್ಳಗೆ ಬಣ್ಣ ಬಳಿದು, ಸ್ಕೇಲ್ ಇಟ್ಟು, ಪೆನ್ಸಿಲ್ಲಿನಿಂದ ಸಾಲುಸಾಲು ಗೆರೆ ಎಳೆದರು. ಕಾಗದದ ಮೇಲೂ ಜಲವರ್ಣ ಮತ್ತು ಪೆನ್ಸಿಲ್ಲಿನ ಪುಟ್ಟ ಚಿತ್ರಗಳನ್ನು ಮಾಡಿದ್ದಾರೆ. ದೂರದಿಂದ ನೋಡಿದರೆ ಮಂಜು. ಹತ್ತಿರ ಹೋದರೆ, ಸ್ಕೇಲ್ ಇಟ್ಟೇ ಎಳೆದ ಗೆರೆಯೂ ತರಿ ಸಿಕ್ಕಲ್ಲಿ ಎಡವಿದೆ, ಕೈ ಒತ್ತಿದ ಕಡೆ ದಪ್ಪವಾಗಿದೆ. ನೇರ ಗೆರೆಯೊಳಗೆ ಒಂದು ಕೈ ನಡೆದು ಹೋಗಿದ್ದು ಕಾಣುತ್ತದೆ. ವಯಸ್ಸಾದ ಮೇಲೆ ಆರಡಿ ಕ್ಯಾನ್ವಾಸ್ ಎತ್ತಿ ಇಳಿಸಲು ಆಗದೆ ಐದಡಿಗೆ ಇಳಿಸಿದರು, ಆದರೆ ಗೆರೆ ಬಿಡಲಿಲ್ಲ. 2004ರಲ್ಲಿ ತೀರಿಕೊಂಡಾಗ 92 ವರ್ಷ.

ಇನ್ನೊಬ್ಬರು ನಸ್ರೀನ್ ಮೊಹಮದಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಬೆಳೆದು, ಲಂಡನ್ ಮತ್ತು ಪ್ಯಾರಿಸಿನಲ್ಲಿ ಕಲಿತು, 1972ರಿಂದ ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಇವರು ತಮ್ಮ ಬಹುಪಾಲು ಚಿತ್ರಗಳಿಗೆ ಹೆಸರು ಇಡಲಿಲ್ಲ, ಇಸವಿಯನ್ನೂ ಹಾಕಲಿಲ್ಲ. ಕ್ಯಾಂಡಿನ್‌ಸ್ಕಿಗೆ ಪೂರ್ತಿ ವಿರುದ್ಧ! ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡುವವರೇ ಗೆರೆ ಮತ್ತು ನೀರು ಓದಿ ಊಹಿಸಬೇಕು. 1960ರ ದಶಕದ್ದು ಎನ್ನುವ ಕಾಗದಗಳಲ್ಲಿ ಶಾಯಿ ಮತ್ತು ಜಲವರ್ಣ ಸಡಿಲವಾಗಿ ಹರಡಿವೆ. ಅಲ್ಲೊಂದು ಗಿಡದ ನೆರಳೋ, ದಡವೋ ಇದ್ದ ಹಾಗೆ ಅನ್ನಿಸುತ್ತದೆ. 70ರ ದಶಕಕ್ಕೆ ಬರುವಷ್ಟರಲ್ಲಿ ನೀರು ಇಂಗಿ ಹೋಗಿದೆ. ಪೆನ್ಸಿಲ್ ಮತ್ತು ಶಾಯಿಯ ಚೌಕುಳಿ, ಆಮೇಲೆ ಚೌಕುಳಿಯೂ ಹೋಗಿ ಓರೆ ಗೆರೆಗಳು ಬಿಳಿಯಲ್ಲಿ ತೇಲುತ್ತವೆ. ಈ ಹೊತ್ತಿಗೆ ಅವರಿಗೆ ನರದ ಕಾಯಿಲೆ. ಕೈಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಡ್ರಾಫ್ಟಿಂಗ್ ಮೇಜಿನ ಮುಂದೆ ಕೂತು ಎಳೆದ ಆ ಗೆರೆಗಳಲ್ಲಿ ಮಾತ್ರ ನಡುಕ ಇಲ್ಲ. 1990ರಲ್ಲಿ, 53ನೆಯ ವಯಸ್ಸಿಗೆ ಹೋದರು. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಮ್ಯೂಸಿಯಂ ಬಾಗಿಲು ತೆರೆದದ್ದೇ ಇವರ ಪ್ರದರ್ಶನವನ್ನು ಒಳಗಿಟ್ಟುಕೊಂಡು.

ಇವರ ಚಿತ್ರಗಳನ್ನು ನೋಡಿ ಬಂದ ಮೇಲೆ ನನಗೆ ಒಂದು ಚಾಳಿ ಅಂಟಿಕೊಂಡಿದೆ. ಬಣ್ಣದ ಮಚ್ಚೆ ಆರಿದ ಮೇಲೆ ಅದರ ಅಂಚಿನ ಸುತ್ತ ಸುಮ್ನೆ ಪೆನ್ಸಿಲ್ ಓಡಿಸಿ ಮುಗಿಸಿದ ಚಿತ್ರ ಕಂಡರೆ ಬೇಜಾರಾಗುತ್ತದೆ. ಅಂಥವು ಈಗ ಹೋಟೆಲ್ ಲಾಬಿಗಳಲ್ಲಿ ಬೇಕಾದಷ್ಟಿವೆ. ಅಲ್ಲಿ ಪೆನ್ಸಿಲ್ ಯಾವ ಯೋಚನೆಯನ್ನೂ ಮಾಡಿಲ್ಲ, ನೀರಿನ ಜೊತೆ ವಾದಕ್ಕೂ ಇಳಿದಿಲ್ಲ. ಮದುವೆ ಮನೆಯಲ್ಲಿ ಊಟದ ಹೊತ್ತಿಗೆ ಬಂದವರ ಹಾಗೆ, ಎಲ್ಲ ಆದ ಮೇಲೆ ಬಂದಿದೆ.

ಕೊನೆಗೆ ಬೆಳಕಿನ ವಿಷಯ, ಮನೆಯಲ್ಲಿ ಇಂಥ ಚಿತ್ರ ಹಾಕುವವರಿಗೆ ಬೇಕಾದದ್ದು. ಜಲವರ್ಣದ ಪದರ ಬಹಳ ತೆಳು. ಬಿಸಿಲು ಅದನ್ನು ತಿನ್ನುತ್ತದೆ. ಎಲ್ಲ ಬಣ್ಣವನ್ನೂ ಒಂದೇ ಸಮ ಅಲ್ಲ. ಕಾವಿಯಂಥ ಮಣ್ಣಿನ ಬಣ್ಣಗಳು ಗಟ್ಟಿ ಕುಳ. ಅಲಿಜರಿನ್ ಕ್ರಿಮ್ಸನ್‌ನಂಥ ಕೆಂಪು, ಕೆಲವು ಗುಲಾಬಿ ಬಣ್ಣಗಳು ಬೇಗ ಮಾಸುತ್ತವೆ. ಅದಕ್ಕೇ ಮ್ಯೂಸಿಯಂಗಳಲ್ಲಿ ಕಾಗದದ ಚಿತ್ರಗಳಿಗೆ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕು, ಅದೂ ಕೆಲವು ತಿಂಗಳು ಮಾತ್ರ. ಹೆನ್ರಿ ವಾನ್ ಎಂಬುವರು ಇಂಗ್ಲೆಂಡಿನ ಚಿತ್ರಗಾರ ಟರ್ನರ್‌ನ 38 ಜಲವರ್ಣಗಳನ್ನು 1900ರಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಗ್ಯಾಲರಿಗೆ ಬಿಟ್ಟುಹೋಗುವಾಗ, ಅವನ್ನು ಜನವರಿಯಲ್ಲಿ ಮಾತ್ರ ತೋರಿಸಬೇಕು ಎಂದು ಷರತ್ತು ಹಾಕಿದರು. ಅಲ್ಲಿ ಜನವರಿಯ ಬಿಸಿಲು ಬಡಪಾಯಿ. ಇವತ್ತಿಗೂ ಹಾಗೆಯೇ ನಡೆದಿದೆ. ಪೆನ್ಸಿಲ್ಲಿಗೆ ಈ ಭಯ ಇಲ್ಲ. ಇಂಗಾಲ ಬಿಸಿಲಿಗೆ ಮಾಸುವುದಿಲ್ಲ.

ಇದನ್ನೆಲ್ಲ ಚಿಕ್ಕಮ್ಮನಿಗೂ ಹೇಳಿದ್ದೆ. ಅವರು ಆ ಹುಡುಗಿಯ ಚಿತ್ರ ಕೊಂಡು, ಶಿವಮೊಗ್ಗಕ್ಕೆ ಒಯ್ದು, ಗಾಜು ಹಾಕಿಸಿ, ಪಡಸಾಲೆಯಲ್ಲಿ ಪಡುವಣ ಕಿಟಕಿಗೆ ಸರಿಯಾಗಿ ಎದುರು ನೇತುಹಾಕಿದರು. "ಅಲ್ಲೇ ಮೊಳೆ ಇತ್ತು" ಅಂದರು. ನಾಲ್ಕು ವರ್ಷ ಸಂಜೆ ಬಿಸಿಲು ಬಿದ್ದಿದೆ. ಹೋದ ತಿಂಗಳು ಹೋದಾಗ ನೋಡಿದೆ. ನೀಲಿ ಮಡು ಹಾಗೇ ಇದೆ. ಮೂಲೆಯ ದಾಸವಾಳದ ಮಚ್ಚೆ ತೆಳ್ಳಗಾಗಿ ಹಳೆ ಮೈಸೂರುಪಾಕಿನ ಬಣ್ಣಕ್ಕೆ ಬಂದಿದೆ. ನನಗೆ ಹೊಟ್ಟೆ ಉರಿಯಿತು. ಚಿಕ್ಕಮ್ಮ ಮಾತ್ರ ಕೈ ಹಿಡಿದು ಹತ್ತಿರ ಎಳೆದುಕೊಂಡು ಹೋದರು. ಮಚ್ಚೆಯ ಅಡಿಯಲ್ಲಿ ಒಂದು ಪೆನ್ಸಿಲ್ ಗೆರೆ. ಕೊಂಡಾಗ ಅದು ಇಬ್ಬರಿಗೂ ಕಂಡಿರಲಿಲ್ಲ. ಗೆರೆ ಮೂಲೆಯಿಂದ ಹೊರಟು, ಸ್ವಲ್ಪ ದೂರ ಹೋಗಿ, ತಿರುಗಿ, ಮತ್ತೆ ಮೂಲೆಗೇ ಬಂದಿತ್ತು.

"ಆ ಹುಡುಗಿ ಕೇಳಿದ್ಲಲ್ಲ," ಅಂದರು ಚಿಕ್ಕಮ್ಮ. "ಈ ಕಡೆ ಪೆನ್ಸಿಲ್ಲೇ ಮೊದಲು ಕಣೋ. ಆ ಕಡೆ ಇನ್ನೂ ಗೊತ್ತಾಗಿಲ್ಲ."